ಜಿಂಬಾಬ್ವೆಗೆ ಹೋಗುವವರು ಗ್ರೇಟ್ ಜಿಂಬಾಬ್ವೆ ಅನ್ನುವ ಆ ಕಲ್ಲಿನ ಊರನ್ನು ಬಿಡಬೇಡಿ

ಚೌತಿ ಮುಗಿದ ಮೇಲೆ, ಅಡಿಕೆ ಕೊನೆ ಕೊಯ್ಲು ಶುರುವಾಗುವ ಮೊದಲು. ಶಿರಸಿ ಕಡೆ ತೋಟ ಇರುವವರಿಗೆ ದೂರ ಹೋಗಿ ಬರಲು ಸಿಗುವ ಬಿಡುವು ಅದೊಂದೇ. ನಾನು, ಅಕ್ಕ, ಭಾವ ಸೇರಿ ಆ ಬಿಡುವಿನಲ್ಲಿ ಜಿಂಬಾಬ್ವೆಗೆ ಹೊರಡುವ ತಯಾರಿಯಲ್ಲಿದ್ದೇವೆ. ಖುಷಿ ಏನಂದ್ರೆ, ಅಲ್ಲಿ ಪ್ರಾಣಿ ನೋಡಲು ಒಳ್ಳೆಯ ಕಾಲವೂ ಅದೇ. ಸೆಪ್ಟೆಂಬರ್ ಅಲ್ಲಿ ಒಣಗಾಲದ ಕೊನೆಯ ಭಾಗ. ಎಲೆ ಉದುರಿ ಕಾಡು ತೆಳುವಾಗಿರುತ್ತದೆ, ಹೊಂಡಗಳು ಬತ್ತಿರುತ್ತವೆ, ನೀರು ಉಳಿದ ಕಡೆಗೇ ಎಲ್ಲ ಪ್ರಾಣಿಗಳೂ ಬರಬೇಕು.

ಹ್ವಾಂಗೆ ರಾಷ್ಟ್ರೀಯ ಉದ್ಯಾನ ಸುಮಾರು 14,600 ಚದರ ಕಿ.ಮೀ. ಇದೆ, ನಮ್ಮ ಇಡೀ ಜಿಲ್ಲೆಗಿಂತ ದೊಡ್ಡದು. ಅದರ ಬಹುಭಾಗದಲ್ಲಿ ವರ್ಷವಿಡೀ ಹರಿಯುವ ಹೊಳೆಯೇ ಇಲ್ಲ. ಕಾಳಿ, ಅಘನಾಶಿನಿ ನೋಡುತ್ತಾ ಬೆಳೆದ ನಮಗೆ ಇದನ್ನು ಊಹಿಸುವುದೂ ಕಷ್ಟ. ಬೋರ್‌ವೆಲ್ ಕೊರೆದು, ಪಂಪ್ ಇಟ್ಟು ಹೊಂಡ ತುಂಬಿಸುತ್ತಾರೆ, ಸಾವಿರಾರು ಆನೆಗಳು ಆ ನೀರನ್ನೇ ನಂಬಿವೆ. 2019ರ ಬರದಲ್ಲಿ ಜಿಂಬಾಬ್ವೆಯಲ್ಲಿ 200ಕ್ಕೂ ಹೆಚ್ಚು ಆನೆಗಳು ಸತ್ತವು. ಹಾಗಾಗಿ ಜೀಪಿನಲ್ಲಿ ಸುಮ್ನೆ ಸುತ್ತುವುದಕ್ಕಿಂತ ಒಂದು ಹೊಂಡದ ಹತ್ತಿರ ಸಂಜೆ ತನಕ ಕೂರೋಣ ಅಂತ ನಮ್ಮ ಯೋಚನೆ. ಮೇನ್ ಕ್ಯಾಂಪ್ ಹತ್ತಿರ ನ್ಯಾಮಂಡ್ಲೋವು ಅನ್ನುವ ಹೊಂಡ ಇದೆ, ಅದರ ಪಕ್ಕ ಕೂರಲು ಅಟ್ಟಣಿಗೆಯೂ ಇದೆ.

ಜಾಂಬಿಯಾ ಗಡಿಯಲ್ಲಿರುವ ವಿಕ್ಟೋರಿಯಾ ಜಲಪಾತ ಸೆಪ್ಟೆಂಬರ್‌ನಲ್ಲಿ ತುಂಬಿ ಬೀಳುವುದಿಲ್ಲ. ಅದರ ಅಬ್ಬರ ನೋಡಬೇಕಂದ್ರೆ ಏಪ್ರಿಲ್ ಹೊತ್ತಿಗೆ ಹೋಗಬೇಕು. ಆದರೂ ಜಿಂಬಾಬ್ವೆ ಬದಿಯಲ್ಲಿ ಒಣಗಾಲದಲ್ಲೂ ನೀರು ಇರುತ್ತದೆ, ತುಂತುರು ಕಡಿಮೆ ಇರುವುದರಿಂದ ಬಂಡೆ ಚೆನ್ನಾಗಿ ಕಾಣುತ್ತದೆ. ಜೋಗ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ.

ನನ್ನ ಹಟ ಇರುವುದು ಗ್ರೇಟ್ ಜಿಂಬಾಬ್ವೆ ಬಗ್ಗೆ. ನಾವು ಕೇಳಿದ ಪ್ಯಾಕೇಜ್‌ಗಳಲ್ಲಿ ಜಲಪಾತ ಇತ್ತು, ಸಫಾರಿ ಇತ್ತು, ಇದೊಂದೇ ಇರಲಿಲ್ಲ. 'ಅಷ್ಟು ದೂರ ಹೋಗಿ ಕಲ್ಲಿನ ಗೋಡೆ ನೋಡ್ತೀರಾ ಸಾರ್' ಅಂದರು ಒಬ್ಬರು. ಹೌದು, ಅದನ್ನೇ ನೋಡಬೇಕು. ಅಲ್ಲಿನ ಸ್ಥಳೀಯರಾದ ಶೋನಾ ಜನರ ಹಿರಿಯರು 11ರಿಂದ 15ನೇ ಶತಮಾನದ ಹೊತ್ತಿಗೆ ಕಟ್ಟಿದ ಊರು ಅದು. ಅಲ್ಲಿನ ಗ್ರಾನೈಟ್ ಗುಡ್ಡ ಹಗಲು ಕಾದು ರಾತ್ರಿ ತಣಿದು ಪದರ ಪದರವಾಗಿ ಬಿಡುತ್ತದೆ. ಆ ಪದರಗಳನ್ನೇ ಇಟ್ಟಿಗೆಯಷ್ಟು ದಪ್ಪಕ್ಕೆ ಒಡೆದು, ಗಾರೆ ಇಲ್ಲದೆ, ಒಂದರ ಮೇಲೊಂದು ಕೂರಿಸಿದ್ದಾರೆ. ದೊಡ್ಡ ಆವರಣದ ಹೊರಗೋಡೆ ಕೆಲವು ಕಡೆ 11 ಮೀಟರ್ ಎತ್ತರ, ಸುತ್ತಳತೆ ಸುಮಾರು 250 ಮೀಟರ್. ಗೋಡೆಯ ತುದಿಯಲ್ಲಿ ಕಲ್ಲುಗಳನ್ನು ಓರೆಯಾಗಿ ಇಟ್ಟು ಹಾವಿನ ನಡೆಯಂಥ ಅಂಚು ಮಾಡಿದ್ದಾರೆ, ಫೋಟೋದಲ್ಲಿ ನೋಡಿಯೇ ಮನಸ್ಸು ಸೋತಿತು. ಅಗೆದಾಗ ಚೀನಾದ ಪಿಂಗಾಣಿ ಚೂರು, ಸಮುದ್ರ ದಾಟಿ ಬಂದ ಗಾಜಿನ ಮಣಿಗಳೂ ಸಿಕ್ಕಿವೆ.

ಬಿಳಿಯರ ಆಳ್ವಿಕೆಯಲ್ಲಿ ಇದನ್ನು ಆಫ್ರಿಕಾದವರು ಕಟ್ಟಿದ್ದೇ ಅಲ್ಲ, ಮೆಡಿಟರೇನಿಯನ್ ಕರಾವಳಿಯ ಹಳೇ ಕಾಲದ ಫಿನೀಷಿಯಾದವರು ಕಟ್ಟಿದ್ದು ಅಂತೆಲ್ಲ ಹೇಳಿದರು. 1905ರಲ್ಲಿ ಪುರಾತತ್ವ ತಜ್ಞ ರಾಂಡಲ್ ಮ್ಯಾಕ್‌ಐವರ್, 1929ರಲ್ಲಿ ಪುರಾತತ್ವ ತಜ್ಞೆ ಗರ್ಟ್ರೂಡ್ ಕೇಟನ್ ಥಾಂಪ್ಸನ್ ಅಗೆದು ನೋಡಿ, ಕಟ್ಟಿದವರು ಸ್ಥಳೀಯರೇ ಅಂದ ಮೇಲೂ ಆ ಮಾತು ನಿಲ್ಲಲಿಲ್ಲ. 1980ರಲ್ಲಿ ಸ್ವಾತಂತ್ರ್ಯ ಬಂದಾಗ ದೇಶಕ್ಕೇ ಈ ಊರಿನ ಹೆಸರು ಇಟ್ಟರು, ಇಲ್ಲಿ ಸಿಕ್ಕ ಕಲ್ಲಿನ ಹಕ್ಕಿ ಬಾವುಟಕ್ಕೆ ಬಂತು. ಬನವಾಸಿ, ಸೋಂದೆ ಅಂದರೆ ಎದೆ ಉಬ್ಬುವ ನಾವು ಇನ್ನೊಬ್ಬರ ಬನವಾಸಿಯನ್ನು 'ದೂರ' ಅಂತ ಬಿಟ್ಟು ಬರುವುದು ನನಗೆ ಸರಿ ಕಾಣುವುದಿಲ್ಲ.

ಅದಕ್ಕೇ ದಾರಿ ಹೀಗೆ ಹಾಕಿದ್ದೇವೆ. ಮುಂಬೈಯಿಂದ ಅಡಿಸ್ ಅಬಾಬಾ ಮೇಲೆ ಹರಾರೆ, ಅಲ್ಲಿಂದ ರಸ್ತೆಯಲ್ಲಿ ಮಸ್ವಿಂಗೋ. ಗ್ರೇಟ್ ಜಿಂಬಾಬ್ವೆ ಆ ಪೇಟೆಯ ಹತ್ತಿರವೇ. ಆಮೇಲೆ ಬುಲವಾಯೋ, ಮಟೋಬೊ ಗುಡ್ಡಗಳ ಘೇಂಡಾ ಮತ್ತು ಆದಿವಾಸಿ ಸಾನ್ ಜನರ ಬಂಡೆಚಿತ್ರ, ಹ್ವಾಂಗೆ, ಕೊನೆಗೆ ಜಲಪಾತ. ಗಾಡಿ ಅಲ್ಲೂ ಎಡಗಡೆಯೇ ಓಡುವುದರಿಂದ ಭಾವ ತಾನೇ ಓಡಿಸುತ್ತೇನೆ ಅಂದಿದ್ದಾನೆ. ಮಲೇರಿಯಾ ಮಾತ್ರೆ ಹೊರಡುವ ಮೊದಲೇ ಶುರು ಮಾಡಬೇಕು, ಡಾಕ್ಟರ ಹತ್ತಿರ ಬೇಗ ಹೋಗಿ. ಡಾಲರ್ ಒಯ್ಯುವಾಗ ಸಣ್ಣ ನೋಟುಗಳೇ ಜಾಸ್ತಿ ಇರಲಿ, ಅಲ್ಲಿ ಚಿಲ್ಲರೆ ಸಿಗುವುದು ಕಷ್ಟ.