ಕೊಳೆತದ್ದಲ್ಲ, ಹುಳಿ ಬಂದದ್ದು

"ದೀದಿ, ಸಡಾ ನಹೀ ಹೈ, ಖಟ್ಟಾ ಹುವಾ ಹೈ." ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಕಟ್ಟಡದ ತಾರಸಿಯ ಮೇಲೆ ಮಂಗಳವಾರ ಕೇಳಿದ, 'ಅಕ್ಕಾ, ಕೊಳೆತಿಲ್ಲ, ಹುಳಿ ಬಂದಿದೆ' ಎಂಬ ಈ ಮಾತು ವಾರವಿಡೀ ನನ್ನ ಕಿವಿಯಲ್ಲೇ ಉಳಿದಿದೆ. ಹೇಳಿದಾಕೆ ನಮ್ಮ ವಾಚ್‌ಮನ್ನನ ಹೆಂಡತಿ, ನೇಪಾಳದವಳು. ಆಕೆ ಹಳೆಯ ಸೀರೆಯ ಮೇಲೆ ಹರವಿದ್ದ ಕಂದು ಬಣ್ಣದ ಸೊಪ್ಪನ್ನು ಕಂಡು, ಧಾರವಾಡದ ಕಡೆಯವರಾದ ಸೊಸೈಟಿಯ ಕಾರ್ಯದರ್ಶಿಗಳು ಮೂಗಿಗೆ ಕರವಸ್ತ್ರ ಹಿಡಿದು, "ಅಕಿಗೆ ಹೇಳ್ರಿ, ಈ ಕೊಳೆತದ್ದನ್ನ ಈಗಿಂದೀಗ ಒಗೀಲಿ" ಎಂದು ನನಗೆ ಅಪ್ಪಣೆ ಮಾಡಿದ್ದರು.

ಅದು ಗುಂದ್ರುಕ್, ನೇಪಾಳಿಗಳು ಹುಳಿ ಬರಿಸಿ ಒಣಗಿಸುವ ಸೊಪ್ಪು. ಇಲ್ಲಿನ ಮಾರುಕಟ್ಟೆಯ ಸಾಸಿವೆ ಸೊಪ್ಪು, ಮೂಲಂಗಿ ಸೊಪ್ಪುಗಳನ್ನು ಬಾಡಿಸಿ, ಜಜ್ಜಿ, ಉಪ್ಪನ್ನೂ ಹಾಕದೆ, ಗಾಳಿ ಉಳಿಯದಂತೆ ಭರಣಿಗೆ ಒತ್ತಿ ತುಂಬಿ, ಬಾಯಿ ಬಿಗಿದು ವಾರಕ್ಕೂ ಮಿಕ್ಕಿ ಇಟ್ಟಿದ್ದಳಂತೆ. ಸೊಪ್ಪಿನ ಮೇಲೆ ಮೊದಲೇ ಇರುವ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ಅದರ ಸಕ್ಕರೆಯನ್ನು ತಿಂದು ಆಮ್ಲವನ್ನು ಬಿಡುತ್ತವೆ. ಕೊಳೆಸುವ ಜೀವಿಗಳು ಆ ಹುಳಿಯಲ್ಲಿ ಬೆಳೆಯಲಾರವು. ಆಕೆ ಹೇಳಿದ್ದು ಅಕ್ಷರಶಃ ಸರಿ. ಈ ಬ್ಯಾಕ್ಟೀರಿಯಾಗಳಲ್ಲಿ ಮುಖ್ಯವಾದ ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್‌ನ ಕುಲನಾಮ 2020ರಲ್ಲಿ ಲ್ಯಾಕ್ಟಿಪ್ಲಾಂಟಿಬ್ಯಾಸಿಲಸ್ ಎಂದು ಬದಲಾಯಿತು. (ವಾಚ್‌ಮನ್ನನ ಹೆಸರನ್ನೇ ಕೇಳದೆ ಎಂಟು ವರ್ಷ 'ಬಹಾದೂರ್' ಎಂದು ಕರೆದ ನಾವು ಇಂಥ ಹೆಸರುಗಳನ್ನು ನೆನಪಿಟ್ಟಂತೆಯೇ ಸರಿ!)

ನನ್ನನ್ನು ಕಾಡುತ್ತಿರುವುದು ಕಾರ್ಯದರ್ಶಿಗಳ ಮಾತಿಗಿಂತ ನನ್ನ ಮೌನ. ಅಂದು ಬೆಳಿಗ್ಗೆಯಷ್ಟೇ ನನ್ನ ಇಡ್ಲಿ ಹಿಟ್ಟು ಮುಚ್ಚಳವನ್ನು ಮುಟ್ಟುವಷ್ಟು ಉಬ್ಬಿತ್ತೆಂದು ನಾನು ಹಿಗ್ಗಿದ್ದೆ. ಆ ಹಿಟ್ಟನ್ನು ಉಬ್ಬಿಸುವ ಲ್ಯೂಕೋನೋಸ್ಟಾಕ್ ಮೆಸೆಂಟರಾಯ್ಡಿಸ್ ಎಂಬ ಬ್ಯಾಕ್ಟೀರಿಯಾ ಕೂಡ ಲ್ಯಾಕ್ಟಿಕ್ ಆಮ್ಲದ ಬಳಗದ್ದೇ. ಜರ್ಮನ್ನರು ಎಲೆಕೋಸನ್ನು ಹುಳಿಗೊಳಿಸಿ ಮಾಡುವ ಸೌರ್‌ಕ್ರೌಟ್‌ನಲ್ಲಿ ಮೊದಲು ಕೆಲಸಕ್ಕೆ ಇಳಿಯುವುದೂ ಅದೇ. ಕಾರ್ಯದರ್ಶಿಗಳ ಮನೆಯಲ್ಲಿ ಭಾನುವಾರ ಇಡ್ಲಿ ತಪ್ಪುವುದಿಲ್ಲ. ಇಷ್ಟೆಲ್ಲ ತಿಳಿದೂ ನಾನು ಅವರಿಗೆ ಹೇಳಿದ್ದು, "ನೋಡ್ತೀನಿ ಸರ್" ಎಂದಷ್ಟೇ.

ಗುಂದ್ರುಕ್ಕನ್ನು ಮಹಾ ಔಷಧಿಯೆಂದು ಹೊಗಳುವುದೂ ನನಗೆ ಒಪ್ಪಿಗೆಯಿಲ್ಲ. ಬಿಸಿಲಿನಲ್ಲಿ ಒಣಗಿ, ಸಾರಿನಲ್ಲಿ ಕುದಿದ ಮೇಲೆ ಜೀವಂತ ಬ್ಯಾಕ್ಟೀರಿಯಾ ಉಳಿಯುವುದು ಕಷ್ಟ. ಹಬೆಯಲ್ಲಿ ಬೆಂದ ಇಡ್ಲಿಯ ಗತಿಯೂ ಅಷ್ಟೇ. ಬ್ಯಾಕ್ಟೀರಿಯಾಗಳ ಉಪಕಾರವೆಲ್ಲ ಅದಕ್ಕೆ ಮೊದಲೇ ಮುಗಿದಿರುತ್ತದೆ: ಎರಡು ದಿನಕ್ಕೆ ಹಾಳಾಗುವ ಸೊಪ್ಪು ತಿಂಗಳುಗಟ್ಟಲೆ ಕೆಡದಂತಾಗಿ, ಹಸಿ ತರಕಾರಿ ಸಿಗದ ಕಾಲಕ್ಕೆ ಗುಡ್ಡಗಾಡಿನ ಮನೆಗಳ ಸಾರಿಗೆ ಒದಗುತ್ತದೆ.

ಆ ಸೊಪ್ಪು ಈಗ ನನ್ನ ಬಾಲ್ಕನಿಯ ಗ್ರಿಲ್ಲಿನೊಳಗೆ ಒಣಗುತ್ತಿದೆ. ಕಾರ್ಯದರ್ಶಿಗಳ ಮನೆ ಸರಿಯಾಗಿ ಅದರ ಮೇಲಿನ ಮಹಡಿಯಲ್ಲಿದೆ. ಅವರು ಇನ್ನೂ ಏನೂ ಕೇಳಿಲ್ಲ.