ಪದಸೂಚಿಯ ಕೆಲಸ: ಇಬ್ಬರು ಪಾಟೀಲರು, ಒಂದೇ ಊರು

ಪದಸೂಚಿಯಿಲ್ಲದೆ, ಅಂದರೆ ಯಾವ ಹೆಸರು ಯಾವ ಪುಟದಲ್ಲಿದೆ ಎಂದು ತೋರಿಸುವ ಪಟ್ಟಿಯಿಲ್ಲದೆ, ಅಚ್ಚಾದ ರಾಜಕೀಯ ಆತ್ಮಕಥನಗಳಿಗೆ ಸೂಚಿ ಕಟ್ಟುವ ನನ್ನ ಹವ್ಯಾಸದಲ್ಲಿ ಈ ಸಲ ಕೈಗೆತ್ತಿಕೊಂಡದ್ದು, 1969ರ ಕಾಂಗ್ರೆಸ್ ಒಡಕನ್ನು ಹತ್ತಿರದಿಂದ ಕಂಡವರೊಬ್ಬರ ಪುಸ್ತಕ. ಸ್ಕ್ಯಾನ್ ಮಾಡುವುದು, ಓಸಿಆರ್ (ಪುಟದ ಚಿತ್ರದಿಂದ ಯಂತ್ರ ಓದಿಕೊಟ್ಟ) ಪಠ್ಯ ತಿದ್ದುವುದು, ಹೆಸರುಗಳನ್ನು ಎಕ್ಸೆಲ್‌ಗೆ ಇಳಿಸುವುದು ಎಲ್ಲವೂ ಎಂದಿನಂತೆ ಮುಗಿದವು. ಮುಗಿಯದೆ ಉಳಿದದ್ದು ‘ಪ’ ಅಕ್ಷರ; ಅದರ ಗಂಟು ಕೊನೆಗೂ ಬಿಚ್ಚಿಕೊಂಡಿರುವುದರಿಂದ ಈ ವರದಿ.

ಮೊದಲು ಸರಬರಾಜಿನ ಗೋಳು. ನಾನು ಕೊಂಡ ಹಳೆಯ ಪ್ರತಿಯಲ್ಲಿ ಒಂದು ಫಾರಂ (ಒಟ್ಟಿಗೆ ಮಡಿಸಿ ಹೊಲಿಯುವ ಪುಟಗಳ ಕಟ್ಟು) ಎರಡು ಸಲ ಹೊಲಿಗೆಯಾಗಿ, ಅದರ ಮುಂದಿನದು ಇರಲೇ ಇಲ್ಲ. ಕೇಳಿದರೆ ವ್ಯಾಪಾರಿ, ಒಟ್ಟು ಪುಟಗಳು ಸರಿಯಾಗಿಯೇ ಇವೆಯಲ್ಲ ಎಂದು ಲೆಕ್ಕ ಒಪ್ಪಿಸಿದರು. ಬಿಟ್ಟುಹೋದ ಪುಟಗಳನ್ನು ಬೇರೊಂದು ಪ್ರತಿಯಿಂದ ಜೆರಾಕ್ಸ್ ಮಾಡಿಸಿದಾಗ, ಅಂಗಡಿಯವರು ಪುಟಸಂಖ್ಯೆಯ ಸಾಲನ್ನೇ ಅಂದವಾಗಿ ಕತ್ತರಿಸಿ ಕೊಟ್ಟರು. ಸೂಚಿಕಾರನಿಗೆ ಪುಸ್ತಕದಲ್ಲಿ ಬೇಕಾಗುವ ಏಕೈಕ ವಸ್ತು ಪುಟಸಂಖ್ಯೆ ಎಂಬುದನ್ನು ಅವರಿಗೆ ವಿವರಿಸುವ ಉತ್ಸಾಹ ನನಗೂ ಉಳಿದಿರಲಿಲ್ಲ.

ಹೆಸರುಗಳನ್ನು ಯಾವ ಅಕ್ಷರದಡಿ ಇಡಬೇಕೆಂಬ ತಕರಾರು ಈ ಕೆಲಸ ಮಾಡುವವರೆಲ್ಲರಿಗೂ ಗೊತ್ತಿರುವುದೇ. 1956ರ ನವೆಂಬರ್ 1ರಂದು ರಾಜ್ಯ ಒಂದಾಯಿತಾದರೂ ಹೆಸರಿಡುವ ಪದ್ಧತಿಗಳು ಒಂದಾಗಲಿಲ್ಲ. ಬಿ. ಡಿ. ಜತ್ತಿ, ಎಸ್. ಆರ್. ಕಂಠಿ, ಎಸ್. ಆರ್. ಬೊಮ್ಮಾಯಿ ಮುಂತಾದ ಉತ್ತರದವರನ್ನು ಅಡ್ಡಹೆಸರಿನಡಿ ಹಾಕಿದರೆ ಯಾರೂ ಆಕ್ಷೇಪಿಸುವುದಿಲ್ಲ; ಆದರೆ ಎಸ್. ನಿಜಲಿಂಗಪ್ಪ, ಕೆಂಗಲ್ ಹನುಮಂತಯ್ಯ, ಕಡಿದಾಳ್ ಮಂಜಪ್ಪ ಅವರಿಗೆ ಅಡ್ಡಹೆಸರೇ ಇಲ್ಲದ್ದರಿಂದ, ಊರನ್ನೋ ಇನಿಷಿಯಲ್ಲನ್ನೋ ಹಿಂದಕ್ಕೆ ತಳ್ಳಿ ಸ್ವಂತ ಹೆಸರಿನಡಿಯೇ ಇಡಬೇಕು. ದೇವರಾಜ ಅರಸರದು ಇನ್ನೊಂದು ಬಗೆ: ‘ಅರಸ’ ಎಂದು ಹುಡುಕಿದರೆ ಮೈಸೂರಿನ ಮಹಾರಾಜರು, ಅರಸೊತ್ತಿಗೆ, ಅರಸೀಕೆರೆ ಎಲ್ಲವೂ ಮೇಲೆದ್ದು ಬರುತ್ತವೆ. ಅವರನ್ನು ‘ದ’ದಲ್ಲಿ ಕೂರಿಸಿ, ‘ಅ’ದಿಂದ ‘ನೋಡಿ’ ಎಂದು ಕೈತೋರಿಸಿ ಪಾರಾದೆ.

ಪಾಟೀಲರ ವಿಷಯದಲ್ಲಿ ‘ನೋಡಿ’ ಎನ್ನುವುದು ಉಪಯೋಗಕ್ಕೆ ಬರಲಿಲ್ಲ. 1968ರಿಂದ 1971ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದವರು ವೀರೇಂದ್ರ ಪಾಟೀಲರು. ಇಂದಿರಾ ಗಾಂಧಿಯವರ ವಿರುದ್ಧ ನಿಂತ, ಸಿಂಡಿಕೇಟ್ ಎನಿಸಿಕೊಂಡ ಕಾಂಗ್ರೆಸ್ ಹಿರಿಯರ ಕೂಟದಲ್ಲಿ ನಿಜಲಿಂಗಪ್ಪ, ಕಾಮರಾಜರ ಜೊತೆಗಿದ್ದವರು ಮುಂಬಯಿಯ ಎಸ್. ಕೆ. ಪಾಟೀಲರು. ಲೇಖಕರು ಒಮ್ಮೆ ಪೂರ್ಣ ಹೆಸರು ಬರೆದು, ಮುಂದಿನ ಹತ್ತಾರು ಪುಟಗಳಲ್ಲಿ ‘ಪಾಟೀಲರು’ ಎಂದಷ್ಟೇ ಬರೆಯುತ್ತಾರೆ. ಅದೇ ಅಧ್ಯಾಯದಲ್ಲಿ ರಾಷ್ಟ್ರಪತಿ ಚುನಾವಣೆಯ ಅಭ್ಯರ್ಥಿ ನೀಲಂ ಸಂಜೀವ ರೆಡ್ಡಿಯವರೂ ಹಳೆಯ ಮುಖ್ಯಮಂತ್ರಿ ಕೆ. ಸಿ. ರೆಡ್ಡಿಯವರೂ ಬರುವುದನ್ನು ಕಂಡು, ಇದು ಉದ್ದೇಶಪೂರ್ವಕ ಕಿರುಕುಳವಿರಬಹುದೇ ಎಂಬ ಸಂಶಯ ನನಗೆ ಬಂದದ್ದುಂಟು.

ಇಂಥ ಗೊಂದಲಕ್ಕೆ ನಾನು ಸಾಮಾನ್ಯವಾಗಿ ಮಾಡುವುದು, ಪ್ರತಿಯೊಂದು ಉಲ್ಲೇಖದ ಎದುರು ದಿನಾಂಕ ಮತ್ತು ಸ್ಥಳದ ಕಾಲಂ ಸೇರಿಸುವುದು. ರಾಷ್ಟ್ರಪತಿ ಜಾಕಿರ್ ಹುಸೇನರು ತೀರಿಕೊಂಡ 1969ರ ಮೇ 3, ಬ್ಯಾಂಕುಗಳ ರಾಷ್ಟ್ರೀಕರಣದ ಜುಲೈ 19, ರಾಷ್ಟ್ರಪತಿ ಚುನಾವಣೆಯ ಮತದಾನ ನಡೆದ ಆಗಸ್ಟ್ 16, ಇಂದಿರಾ ಗಾಂಧಿಯವರನ್ನು ಪಕ್ಷದಿಂದ ಉಚ್ಚಾಟಿಸಿದ ನವೆಂಬರ್ 12 — ಈ ಗೂಟಗಳಿಗೆ ಕಟ್ಟಿದಾಗ ದೆಹಲಿಯ ಉಲ್ಲೇಖಗಳು ಹೆಚ್ಚುಕಡಿಮೆ ತಾವೇ ಬೇರ್ಪಟ್ಟವು. ಆದರೆ ಪುಸ್ತಕದ ತಿರುಳೇ ಆ ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ನಡೆದ ಎಐಸಿಸಿ (ಅಖಿಲ ಭಾರತ ಕಾಂಗ್ರೆಸ್ ಸಮಿತಿ) ಅಧಿವೇಶನ; ಆಗ ಇಬ್ಬರು ಪಾಟೀಲರೂ ಅದೇ ಊರಿನಲ್ಲಿ, ಹಲವು ಸಲ ಅದೇ ಛಾವಣಿಯಡಿಯಲ್ಲಿ, ಇಂದಿರಾ ಗಾಂಧಿಯವರನ್ನು ಕುರಿತು ಬಹುತೇಕ ಅದೇ ಅಸಮಾಧಾನದೊಡನೆ ಇದ್ದರು. ದಿನಾಂಕವೂ ಸ್ಥಳವೂ ಒಂದೇ ಆದಾಗ ನನ್ನ ಕಾಲಂಗಳು ಕೈಚೆಲ್ಲಿದವು.

ದಾರಿ ತೋರಿಸಿದವು ಕ್ರಿಯಾಪದಗಳು. ಸತ್ಕಾರದ ಏರ್ಪಾಡು, ಪೊಲೀಸ್ ಬಂದೋಬಸ್ತು, ವಿಧಾನಸೌಧದಿಂದ ಬಂದ ಫೋನು ಇರುವ ವಾಕ್ಯಗಳಲ್ಲಿ ಪಾಟೀಲರು ಆತಿಥೇಯರು. ಬಂದಿಳಿಯುವ, ತಂಗುವ, ಅಭ್ಯರ್ಥಿಯನ್ನು ಆರಿಸುವ ಪಕ್ಷದ ಸಂಸದೀಯ ಮಂಡಳಿಯಲ್ಲಿ ಸಂಜೀವ ರೆಡ್ಡಿಯವರ ಪರ ಮತ ಹಾಕುವ ಪಾಟೀಲರು ಅತಿಥಿಗಳು. ಒಂದೆಡೆ ‘ಪಾಟೀಲರಿಗೆ 1967ರ ಸೋಲಿನ ಕಹಿ ಇನ್ನೂ ಆರಿರಲಿಲ್ಲ’ ಎಂಬರ್ಥದ ಮಾತಿದೆ. ಆ ಚುನಾವಣೆಯಲ್ಲಿ ದಕ್ಷಿಣ ಮುಂಬಯಿಯಲ್ಲಿ ಎಸ್. ಕೆ. ಪಾಟೀಲರನ್ನು ಸೋಲಿಸಿದವರು ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಆದ್ದರಿಂದ ಆ ಪುಟ ಒಂದೇ ಏಟಿಗೆ ಇತ್ಯರ್ಥವಾಯಿತು. ಈ ಜರಡಿಯಲ್ಲೂ ನಿಲ್ಲದ ಕೆಲವು ಉಲ್ಲೇಖಗಳನ್ನು, ಸೂಚಿಯ ಅಂದ ಕೆಟ್ಟರೂ ಚಿಂತೆಯಿಲ್ಲವೆಂದು, ‘ಪಾಟೀಲ (ಇಬ್ಬರಲ್ಲಿ ಯಾರೆಂದು ಸ್ಪಷ್ಟವಿಲ್ಲ)’ ಎಂಬ ಪ್ರತ್ಯೇಕ ನಮೂದಿಗೆ ಹಾಕಿದ್ದೇನೆ. ಊಹಿಸಿ ಒಬ್ಬರ ತಲೆಗೆ ಕಟ್ಟಿದರೆ, ಮುಂದೆ ಯಾರೋ ಅದನ್ನೇ ಆಧಾರವಾಗಿಟ್ಟುಕೊಂಡು ಪ್ರಬಂಧ ಬರೆಯುತ್ತಾರೆ.

ಈ ಕಾಲಂಗಳನ್ನು ನೋಡುತ್ತ ಮುಂದಿನ ಯೋಜನೆ ತಲೆಗೆ ಹೊಕ್ಕಿದೆ: ಆ ಅಧಿವೇಶನದ ಬಗ್ಗೆ ಬರೆದಿರುವ ಆತ್ಮಕಥನಗಳಿಗೆಲ್ಲ ದಿನಾಂಕವಾರು ಒಂದೇ ಸಂಯುಕ್ತ ಸೂಚಿ. ಒಂದೇ ಸಭೆಯಲ್ಲಿದ್ದವರು ಯಾರ ಹೆಸರನ್ನು ಬರೆದರು, ಯಾರನ್ನು ಬಿಟ್ಟರು ಎಂಬುದು ಅಕ್ಕಪಕ್ಕದಲ್ಲಿ ಕಾಣಬೇಕು. ಅದಕ್ಕೂ ಮುಂಚೆ ಹಿಂದುಳಿದ ವರ್ಗಗಳ ಕುರಿತ 1975ರ ಹಾವನೂರು ಆಯೋಗದ ವರದಿಗೆ ಸೂಚಿ ಮಾಡಬೇಕೆಂಬ ಹಳೆಯ ಆಸೆಯೊಂದಿತ್ತು. ಜಾತಿ, ಉಪಜಾತಿ, ಪರ್ಯಾಯ ಹೆಸರುಗಳನ್ನು ನೆನೆದರೆ ಇಬ್ಬರು ಪಾಟೀಲರು ಸಜ್ಜನರಾಗಿ ಕಾಣುತ್ತಾರೆ.

ಸದ್ಯಕ್ಕೆ ಉಳಿದಿರುವುದು ಅಕಾರಾದಿ. ಯೂನಿಕೋಡ್ ಸಂಕೇತಗಳಲ್ಲಿ ಅನುಸ್ವಾರ ಸ್ವರ, ವ್ಯಂಜನಗಳಿಗಿಂತ ಮೊದಲು ಬರುವುದರಿಂದ, ಆ ಸಂಕೇತಕ್ರಮದಲ್ಲಿ ಜೋಡಿಸಿದ ನನ್ನ ಪಟ್ಟಿಯಲ್ಲಿ ಕಂಠಿಯವರು ಕಾಮರಾಜರನ್ನು ಹಿಂದಿಕ್ಕಿ ಮುಂದೆ ನಿಂತಿದ್ದಾರೆ. ಕಾಗುಣಿತ ಕಲಿತ ಓದುಗರು ‘ಕಂ’ ಅನ್ನು ‘ಕೌ’ ಆದ ಮೇಲೆ ಹುಡುಕಿದರೆ ಸಿಗುವುದಿಲ್ಲ. ಮುಂದಿನ ಭಾನುವಾರ ಅದರ ಸರದಿ.