ಕೆಟ್ಟ ರ್‍ಯಾಮನ್ನು ಕರ್ನಲ್‌ನಿಂದಲೇ ಬದಿಗಿಡುವ ಬಗೆ

ಸೋಮವಾರಪೇಟೆಯ ನಮ್ಮ ಮನೆಯಲ್ಲಿ ಕಾಫಿ ತೋಟದ ಲೆಕ್ಕವಿಡುವ ಲ್ಯಾಪ್‌ಟಾಪ್ ಈ ಮಳೆಗಾಲದಲ್ಲಿ ಇದ್ದಕ್ಕಿದ್ದಂತೆ ನಿಂತುಹೋಗತೊಡಗಿತು. ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86+ ಎಂಬ ಮೆಮೊರಿ ಪರೀಕ್ಷಿಸುವ ಪ್ರೋಗ್ರಾಮನ್ನು ರಾತ್ರಿಯಿಡೀ ಓಡಿಸಿದಾಗ ತಪ್ಪುಗಳೆಲ್ಲ ಮೆಮೊರಿಯ ಒಂದೇ ವಿಳಾಸದ (ಜಾಗದ ಸಂಖ್ಯೆಯ) ಆಸುಪಾಸಿನಲ್ಲಿ ಕಂಡವು. ರ್‍ಯಾಮ್ ಮದರ್‌ಬೋರ್ಡಿಗೇ ಬೆಸುಗೆಯಾಗಿದ್ದರಿಂದ ಅದೊಂದನ್ನೇ ಕಳಚಿ ಬದಲಿಸುವಂತಿರಲಿಲ್ಲ. ಬೋರ್ಡನ್ನೇ ಬದಲಿಸಲು ಮೈಸೂರಿಗೆ ಒಯ್ಯಬೇಕಿತ್ತು.

ಆಪರೇಟಿಂಗ್ ಸಿಸ್ಟಂ ಮೆಮೊರಿಯನ್ನು ಸಾಮಾನ್ಯವಾಗಿ 4 ಕೆಬಿ ಗಾತ್ರದ ಪುಟಗಳಾಗಿ ಹಂಚುವುದರಿಂದ, ಕೆಟ್ಟ ಪುಟವನ್ನು ಯಾವ ಪ್ರೋಗ್ರಾಮಿಗೂ ಕೊಡಬಾರದೆಂದು ಕರ್ನಲ್‌ಗೆ, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳಿಗೆ, ಮೊದಲೇ ತಿಳಿಸಿದರೆ ಉಳಿದ ರ್‍ಯಾಮನ್ನು ಧೈರ್ಯವಾಗಿ ಬಳಸಬಹುದು. ಲಿನಕ್ಸ್‌ನಲ್ಲಿ ಇದಕ್ಕೆ ‘ಮೆಮ್‌ಮ್ಯಾಪ್’ ಎಂಬ ಬೂಟ್ ಆಯ್ಕೆಯಿದೆ (ಕಂಪ್ಯೂಟರ್ ಶುರುವಾಗುವಾಗ ಕರ್ನಲ್‌ಗೆ ಕೊಡುವ ಸೂಚನೆ): ಕಾಯ್ದಿರಿಸಬೇಕಾದ ಗಾತ್ರ, ಡಾಲರ್ ಚಿಹ್ನೆ, ಆರಂಭದ ವಿಳಾಸ, ಇಷ್ಟನ್ನು ಒಂದರ ಪಕ್ಕ ಒಂದು ಬರೆಯಬೇಕು. ದೋಷವಿದ್ದ ಜಾಗವನ್ನೊಳಗೊಂಡ 1 ಎಂಬಿಯನ್ನು ನಾನು ಹೀಗೆ ಬಿಟ್ಟುಕೊಟ್ಟೆ. ಲಿನಕ್ಸನ್ನು ಶುರುಮಾಡುವ ಗ್ರಬ್ ಪ್ರೋಗ್ರಾಮಿನ ಕಡತದಲ್ಲಿ ಬರೆಯುವಾಗ ಡಾಲರ್ ಚಿಹ್ನೆಗೆ ಮೊದಲು ಬ್ಯಾಕ್‌ಸ್ಲ್ಯಾಶ್‌ಗಳನ್ನು ಹಾಕದಿದ್ದರೆ ಅದು ಕರ್ನಲ್‌ವರೆಗೆ ತಲುಪುವುದೇ ಇಲ್ಲ. ಆದ್ದರಿಂದ ಬೂಟ್ ಆದ ಮೇಲೆ ಕರ್ನಲ್ ಲಾಗ್‌ನಲ್ಲಿ ಆ ವಿಳಾಸ ‘ರಿಸರ್ವ್ಡ್’ ಎಂದಿದೆಯೇ ಎಂದು ನೋಡಲೇಬೇಕು. ವಿಂಡೋಸ್‌ನಲ್ಲಿ ಬಿಸಿಡಿಎಡಿಟ್ ಎಂಬ ಬೂಟ್ ಆಯ್ಕೆ ಬದಲಿಸುವ ಆದೇಶದ ಮೂಲಕ ಕೆಟ್ಟ ಪುಟಗಳ ಪಟ್ಟಿ ಕೊಡಬಹುದು.

ತಪ್ಪುಗಳು ರ್‍ಯಾಮ್ ತುಂಬ ಚದುರಿದ್ದರೆ ಅಥವಾ ಪ್ರತಿ ಪರೀಕ್ಷೆಗೂ ಹೊಸ ಕಡೆ ಕಾಣಿಸಿದರೆ ಈ ಉಪಾಯ ನಡೆಯದು. ಅದಕ್ಕಿಂತ ಮುಖ್ಯವಾಗಿ, ರ್‍ಯಾಮ್ ಕೆಟ್ಟಿದ್ದ ದಿನಗಳಲ್ಲಿ ಉಳಿಸಿದ ಕಡತಗಳು ಡಿಸ್ಕಿನಲ್ಲೂ ಸದ್ದಿಲ್ಲದೆ ಕೆಟ್ಟಿರಬಹುದಾದ್ದರಿಂದ, ಅವನ್ನು ಹಳೆಯ ಬ್ಯಾಕಪ್‌ನೊಂದಿಗೆ ಹೋಲಿಸಿ ನೋಡುವವರೆಗೂ ಆ ಬ್ಯಾಕಪ್ಪಿನ ಮೇಲೆ ಹೊಸದನ್ನು ಬರೆಯಬಾರದು.